ಎಲೆಯ ಗುರುತು, ಹೊಗೆಯ ರುಚಿ: ಪೈಪ್ ತಂಬಾಕಿನ ಬಗ್ಗೆ ಓದುಗರ ಪ್ರಶ್ನೆಗಳು

ಎರಡು ಸಂಚಿಕೆಗಳ ಹಿಂದೆ ಹುಣಸೂರು ಸೀಮೆಯ ಹೊಗೆಸೊಪ್ಪಿನ ಹರಾಜಿನ ಬಗ್ಗೆ ಬರೆಯುವಾಗ, ಪೈಪಿನಲ್ಲಿ ಸೇದುವ ಹಳೆಯ ತಂಬಾಕು ಮಿಶ್ರಣಗಳ ಪ್ರಸ್ತಾಪ ಒಂದೇ ಒಂದು ಸಾಲಿನಲ್ಲಿ ಬಂದುಹೋಗಿತ್ತು. ಉಳಿದ ಲೇಖನವನ್ನು ಬಿಟ್ಟು ಆ ಒಂದು ಸಾಲನ್ನೇ ಹಿಡಿದು ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ. ಓದುಗರಿಗೆ ನನ್ನ ಪರಿಚಯ ಇಷ್ಟು ಸಾಕು: ಸೊಪ್ಪಿನ ದರ್ಜೆ ನೋಡುವ ಕೆಲಸದಲ್ಲಿ ಬಹುಕಾಲ ಕಳೆದವನು, ಸೇದುವುದನ್ನು ಬಿಟ್ಟು ಹನ್ನೊಂದು ವರ್ಷವಾಯಿತು, ಮೂಸುವುದನ್ನು ಬಿಟ್ಟಿಲ್ಲ.

ಪ್ರಶ್ನೆ: ಹಳೆಯ ಡಬ್ಬಿಗಳ ಮೇಲೆ ವರ್ಜೀನಿಯಾ, ಬರ್ಲಿ, ಲಟಾಕಿಯಾ, ಪೆರೀಕ್ ಎಂದೆಲ್ಲ ಅಚ್ಚಾಗಿರುತ್ತದೆ. ಇವು ಊರಿನ ಹೆಸರುಗಳೇ, ತಳಿಯ ಹೆಸರುಗಳೇ? ಮಿಶ್ರಣದ ರುಚಿಯನ್ನು ಅರಿಯಬೇಕೆನ್ನುವವನು ಎಲ್ಲಿಂದ ಆರಂಭಿಸಬೇಕು?
(ನಿವೃತ್ತ ಅಧ್ಯಾಪಕರು, ಸರಸ್ವತಿಪುರಂ, ಮೈಸೂರು)

ಉತ್ತರ: ಒಂದೊಂದು ಹೆಸರು ಒಂದೊಂದು ಬಗೆಯದಾಗಿರುವುದರಿಂದಲೇ ಈ ಗೊಂದಲ. ವರ್ಜೀನಿಯಾ ಎನ್ನುವುದು ಮೊದಲಿಗೆ ಅಮೆರಿಕದ ಒಂದು ಸೀಮೆಯ ಹೆಸರಾಗಿದ್ದು, ಈಗ ಬಿಸಿಗಾಳಿಯಲ್ಲಿ ಬೇಯಿಸಿದ ಹಳದಿ ಸೊಪ್ಪಿಗೆಲ್ಲ ಸಲ್ಲುತ್ತದೆ, ಅದು ಪಿರಿಯಾಪಟ್ಟಣದಲ್ಲಿ ಬೆಳೆದಿದ್ದರೂ ಸರಿಯೇ. ಬರ್ಲಿ ತಳಿಯ ಹೆಸರು. ಲಟಾಕಿಯಾ ಸಿರಿಯಾ ದೇಶದ ಒಂದು ರೇವುಪಟ್ಟಣ. ಪೆರೀಕ್ ಎಂಬುದು ಅಮೆರಿಕದ ಲೂಸಿಯಾನಾ ರಾಜ್ಯದ ಸೇಂಟ್ ಜೇಮ್ಸ್ ಪ್ಯಾರಿಷ್ ಎಂಬ ಸಣ್ಣ ಪ್ರದೇಶದಲ್ಲಿ ಸೊಪ್ಪನ್ನು ಪೀಪಾಯಿಯಲ್ಲಿ ಒತ್ತಿ ಹುಳಿ ಬರಿಸುವ ಪದ್ಧತಿಯಿಂದ ಹೆಸರುವಾಸಿಯಾದದ್ದು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇವೆಲ್ಲವೂ ನಿಕೋಟಿಯಾನಾ ಟಬಾಕಮ್ ಎಂಬ ಒಂದೇ ಗಿಡದ ಎಲೆಗಳು. ಮಣ್ಣಿನ ಪಾಲು, ತಳಿಯ ಪಾಲು ಇದ್ದೇ ಇದೆ. ಆದರೆ ಮೂಗಿಗೆ ತಟ್ಟನೆ ತಿಳಿಯುವ ವ್ಯತ್ಯಾಸ ಹುಟ್ಟುವುದು ಹೆಚ್ಚಾಗಿ ಕೊಯ್ಲಿನ ನಂತರ, ಎಲೆಯ ನೀರನ್ನು ಹೇಗೆ ತೆಗೆದರು ಎನ್ನುವುದರಲ್ಲಿ.

ಆದ್ದರಿಂದ ನನ್ನ ಸಲಹೆ ಒಂದೇ. ಡಬ್ಬಿಗಳನ್ನು ರುಚಿ ನೋಡಲು ಹೋಗಬೇಡಿ, ಎಲೆಗಳನ್ನು ಗುರುತಿಸಲು ಕಲಿಯಿರಿ. ಹತ್ತು ಮಿಶ್ರಣಗಳ ಹೆಸರು ಬಾಯಿಪಾಠವಾಗಿದ್ದು, ಅವುಗಳ ಒಳಗಿನ ಐದು ಬಗೆಯ ಎಲೆಗಳು ಗೊತ್ತಿಲ್ಲದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಸಂಗೀತ ಕಚೇರಿಗೆ ಹೋಗಿ ಬಂದು ವಿದ್ವಾಂಸರ ಪಂಚೆಯ ಅಂಚನ್ನು ವರ್ಣಿಸುವವರ ಹಾಗೆ ಅವರು.

ವರ್ಜೀನಿಯಾದಿಂದ ಆರಂಭಿಸಿ. ಇದರಲ್ಲಿ ಸಕ್ಕರೆಯ ಅಂಶ ಹೆಚ್ಚು, ಏಕೆಂದರೆ ಬೇಯಿಸುವ ಮೊದಲ ಹಂತದಲ್ಲಿ ಎಲೆಯೊಳಗಿನ ಪಿಷ್ಟ ಸಕ್ಕರೆಯಾಗಿ ಬದಲಾಗುತ್ತದೆ, ಆಮೇಲೆ ಬಿಸಿ ಏರಿಸಿದಾಗ ಆ ಸಕ್ಕರೆ ಎಲೆಯಲ್ಲೇ ನಿಂತುಬಿಡುತ್ತದೆ. ತೆಳು ಹಳದಿ ಎಲೆಯಲ್ಲಿ ಒಣಹುಲ್ಲಿನ ವಾಸನೆಯೂ ನಿಂಬೆ ಸಿಪ್ಪೆಯ ಚುರುಕೂ ಇರುತ್ತವೆ. ಕೆಂಪು, ಕಂದು ಬಣ್ಣಕ್ಕೆ ತಿರುಗಿದ್ದರಲ್ಲಿ ಮಂಡ್ಯದ ಆಲೆಮನೆಯ ನೆನಪು ಬರುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಪಾಕಕ್ಕೆ ಬರುವ ಹೊತ್ತಿನಲ್ಲಿ, ಬೆಲ್ಲವಾಗುವುದಕ್ಕೆ ಸ್ವಲ್ಪ ಮೊದಲು ಏಳುವ ವಾಸನೆಯನ್ನು ನೆನಪಿಸಿಕೊಳ್ಳಿ. ಹಳೆಯ ಕೆಂಪು ವರ್ಜೀನಿಯಾದ ಡಬ್ಬಿ ತೆರೆದಾಗ ಅದರ ದಾಯಾದಿ ನಿಮಗೆ ಸಿಗುತ್ತದೆ.

ಬರ್ಲಿಯನ್ನು ಬೇಯಿಸುವುದಿಲ್ಲ. ಗಾಳಿಯಾಡುವ ಕೊಟ್ಟಿಗೆಯಲ್ಲಿ ವಾರಗಟ್ಟಲೆ ತೂಗುಹಾಕುತ್ತಾರೆ. ಆ ಅವಧಿಯಲ್ಲಿ ಎಲೆ ತನ್ನ ಸಕ್ಕರೆಯನ್ನು ತಾನೇ ತಿಂದು ಮುಗಿಸುತ್ತದೆ. ಉಳಿಯುವುದು ಹುರಿದ ಕಡಲೆಕಾಯಿಯ, ಸಿಹಿ ಹಾಕದ ಕೋಕೋದ ರುಚಿ. ಇಂದಿನ ಬಿಳಿ ಬರ್ಲಿ 1864ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಬ್ರೌನ್ ಕೌಂಟಿಯಲ್ಲಿ, ಕೆಂಟಕಿಯಿಂದ ತಂದ ಬೀಜದ ಸಸಿಗಳು ಮಾಸಲು ಬಣ್ಣಕ್ಕೆ ಹುಟ್ಟಿದ್ದರಿಂದ ಕಣ್ಣಿಗೆ ಬಿದ್ದ ತಳಿ. ಇದು ದ್ರವವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ; ಈ ಗುಣದಿಂದ ಆಗಿರುವ ಉಪಕಾರ ಮತ್ತು ಅಪಚಾರಗಳ ಮಾತು ಮಂಡ್ಯದ ಓದುಗರಿಗೆ ಕೊಟ್ಟ ಉತ್ತರದಲ್ಲಿದೆ.

ಓರಿಯೆಂಟಲ್ ಎಂದು ಕರೆಯುವುದು ಟರ್ಕಿ, ಗ್ರೀಸ್ ಕಡೆಯ ಬಿಸಿಲಿನಲ್ಲಿ ಒಣಗಿಸಿದ ಸಣ್ಣ ಎಲೆಗಳನ್ನು. ಇಜ್ಮಿರ್, ಸಂಸುನ್, ಬಾಸ್ಮಾ ಎಂಬ ಹೆಸರುಗಳನ್ನು ಡಬ್ಬಿಗಳ ಮೇಲೆ ಕಾಣಬಹುದು. ಕೆಲವು ಎಲೆಗಳು ಅಂಗೈಯಗಲಕ್ಕಿಂತ ದೊಡ್ಡದಾಗುವುದಿಲ್ಲ. ಇವುಗಳಲ್ಲಿ ಸಾಂಬ್ರಾಣಿಯ ಒಣ ಪರಿಮಳವೂ ಹಿಂದಿನ ದಿನದ ಮಜ್ಜಿಗೆಯಂಥ ಹುಳಿಯೂ ಒಟ್ಟಿಗೆ ಇರುತ್ತವೆ. ಇದೇ ಬಗೆಯ ಸೊಪ್ಪನ್ನು ಕಟ್ಟಿಗೆಯ ಹೊಗೆಯಲ್ಲಿ ದೀರ್ಘಕಾಲ ತೂಗುಹಾಕಿದರೆ ಲಟಾಕಿಯಾ ಆಗುತ್ತದೆ. ಮೂಲ ಸಿರಿಯಾದ್ದಾದರೂ ನಂತರದ ದಶಕಗಳಲ್ಲಿ ಪೇಟೆಗೆ ಬಂದದ್ದು ಹೆಚ್ಚಾಗಿ ಸೈಪ್ರಸ್ ದ್ವೀಪದ್ದು. ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ವರ್ಷಗಟ್ಟಲೆ ಇದ್ದ ಚರ್ಮದ ಪೆಟ್ಟಿಗೆಯ ಮುಚ್ಚಳ ತೆಗೆದಂತಿರುತ್ತದೆ ಅದರ ವಾಸನೆ. ಮೊದಲ ಬಾರಿಗೆ ಮೂಸಿದವರು ಮುಖ ಹಿಂದೆಳೆದುಕೊಳ್ಳುತ್ತಾರೆ, ಅದು ತಪ್ಪಲ್ಲ.

ಪೆರೀಕ್‌ಗೆ ಬರೋಣ. ಎಲೆಯ ನಡುನರ ತೆಗೆದು, ಸುರುಳಿ ಕಟ್ಟಿ, ಹಳೆಯ ವಿಸ್ಕಿ ಪೀಪಾಯಿಗಳಲ್ಲಿ ತುಂಬಿ, ಮೇಲೆ ತಿರುಪು ಜಾಕ್ ಇಟ್ಟು ಒತ್ತುತ್ತಾರೆ. ಎಲೆ ತನ್ನದೇ ರಸದಲ್ಲಿ ಮುಳುಗಿ ಒಂದು ವರ್ಷಕ್ಕೂ ಮೇಲ್ಪಟ್ಟು ಮಾಗುತ್ತದೆ. ನಡುನಡುವೆ ತೆಗೆದು, ಗಾಳಿ ತೋರಿಸಿ, ಮತ್ತೆ ಒತ್ತುತ್ತಾರೆ. ಅಲ್ಲಿನ ಚೊಕ್ಟಾ ಮೂಲನಿವಾಸಿಗಳಲ್ಲಿದ್ದ ಪದ್ಧತಿಯನ್ನು ನೋಡಿ ಬೆಳೆಸಿದ್ದು ಇದು ಎಂದು ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಹಳೆಯ ಹುಣಸೆ ತೊಕ್ಕಿನ ಜಾಡಿಯ ಬಟ್ಟೆ ಬಿಚ್ಚಿದಾಗ ಮೂಗಿನ ಬುಡಕ್ಕೆ ತಾಗುವ ಹುಳಿ, ಅದರ ಹಿಂದೆ ಕರಿಮೆಣಸಿನ ಖಾರ: ಇದು ಪೆರೀಕ್. ಉಪ್ಪಿನಕಾಯಿಯಂತೆಯೇ ಇದನ್ನು ಮಿಶ್ರಣದ ಅಂಚಿಗೆ ಇಡುತ್ತಾರೆ, ಊಟವಾಗಿ ಬಡಿಸುವುದಿಲ್ಲ.

ಇನ್ನು ಹೆಸರಾಂತ ಮಿಶ್ರಣಗಳು. ವರ್ಜೀನಿಯಾ, ಓರಿಯೆಂಟಲ್, ಲಟಾಕಿಯಾ ಮೂರೂ ಸೇರಿದ್ದನ್ನು ಇಂಗ್ಲಿಷ್ ಮಿಶ್ರಣವೆಂದೂ, ಅದರಲ್ಲಿ ಓರಿಯೆಂಟಲ್ ಮುಂದಾಗಿದ್ದರೆ ಬಾಲ್ಕನ್ ಎಂದೂ ಕರೆಯುತ್ತಾರೆ. ಲಂಡನ್ನಿನಲ್ಲಿ 1879ರಲ್ಲಿ ಹುಟ್ಟಿದ ಸೊಬ್ರಾನಿ ಕಂಪನಿಯ ಬಾಲ್ಕನ್ ಸೊಬ್ರಾನಿ ಈ ಎರಡನೆಯ ಹೆಸರಿಗೇ ಮಾದರಿಯಾಯಿತು. 1907ರಲ್ಲಿ ಲಂಡನ್ನಿನ ಡ್ಯೂಕ್ ಸ್ಟ್ರೀಟಿನಲ್ಲಿ ಅಂಗಡಿ ತೆರೆದ ಆಲ್‌ಫ್ರೆಡ್ ಡನ್‌ಹಿಲ್, ಗಿರಾಕಿಯ ಇಷ್ಟಕ್ಕೆ ತಕ್ಕಂತೆ ಎಲೆ ಬೆರೆಸಿಕೊಟ್ಟು ಆ ಲೆಕ್ಕವನ್ನು ಸಂಖ್ಯೆ ಹಾಕಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಮೈ ಮಿಕ್ಸ್ಚರ್ 965 ಎಂಬ ವಿಚಿತ್ರ ಹೆಸರಿನ ಹಿಂದಿರುವುದು ಅದೇ ಲೆಕ್ಕದ ಪುಸ್ತಕ. ಈ ಮಿಶ್ರಣಗಳು 2019ರಿಂದ ಪೀಟರ್ಸನ್ ಎಂಬ ಕಂಪನಿಯ ಹೆಸರಿನಲ್ಲಿ ಬರುತ್ತಿವೆ. ಬರೀ ವರ್ಜೀನಿಯಾವನ್ನು ಒತ್ತಿ ಹಲಗೆ ಮಾಡಿ, ತೆಳ್ಳಗೆ ಸೀಳಿದ್ದು ಫ್ಲೇಕ್. ಇದಕ್ಕೆ 1792ರಿಂದ ನಡೆದುಬಂದ ಇಂಗ್ಲೆಂಡಿನ ಕೆಂಡಲ್ ಪಟ್ಟಣದ ಸ್ಯಾಮ್ಯುಯೆಲ್ ಗಾವಿತ್ ಕಂಪನಿ ಹೆಸರುವಾಸಿ. ಅಮೆರಿಕದ ಬರ್ಲಿಗೆ 1907ರ ಪ್ರಿನ್ಸ್ ಆಲ್ಬರ್ಟ್ ಎಂಬ ಮಿಶ್ರಣ ಉದಾಹರಣೆ.

ಇವುಗಳಲ್ಲಿ ಇಂಗ್ಲಿಷ್ ಮಿಶ್ರಣಗಳ ಕಡೆಗೇ ನನ್ನ ಒಲವು. ಬ್ರಿಟನ್ನಿನಲ್ಲಿ ಬಹುಕಾಲ ತಂಬಾಕಿಗೆ ಬೇರೆ ಪದಾರ್ಥ ಸೇರಿಸುವುದಕ್ಕೆ ಕಾನೂನಿನ ಬಿಗಿ ಇತ್ತು. ಆದಕಾರಣ ಅಲ್ಲಿ ಬೆರೆಸುವವನು ಪರಿಮಳಕ್ಕಾಗಿ ಸೀಸೆಗೆ ಕೈಹಾಕದೆ ಇನ್ನೊಂದು ಎಲೆಗೆ ಕೈಹಾಕಬೇಕಾಗುತ್ತಿತ್ತು.

ಪ್ರಶ್ನೆ: ನಮ್ಮ ತಂದೆಯವರು ಹೊಗೆಸೊಪ್ಪು ಬೆಳೆಯುತ್ತಾರೆ. ನಮ್ಮ ಬ್ಯಾರನ್‌ನಲ್ಲಿ, ಎಂದರೆ ಸೊಪ್ಪು ಬೇಯಿಸುವ ಮನೆಯಲ್ಲಿ, ಬೇಯಿಸಿದ ಸೊಪ್ಪು ಪೈಪ್ ತಂಬಾಕು ಆಗಬಹುದೇ? ಬೇಯಿಸುವ ಈ ವಿಧಾನ ಎಲ್ಲಿಂದ ಬಂತು?
(ಪದವಿ ವಿದ್ಯಾರ್ಥಿನಿ, ಹುಣಸೂರು ತಾಲ್ಲೂಕು)

ಉತ್ತರ: ಆಗಬಹುದು, ಆದರೆ ಹೆಚ್ಚಾಗಿ ಆಗುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ಭಾಗದ ಕೆಂಪು ಮರಳುಮಿಶ್ರಿತ ಹಗುರ ನೆಲದಲ್ಲಿ ಮಳೆಯನ್ನು ನಂಬಿ ಬೆಳೆಯುವ ನಿಮ್ಮ ಸೊಪ್ಪು ವರ್ಜೀನಿಯಾ ಬಗೆಯದೇ. ಅದರ ಬಹುಪಾಲು ತಂಬಾಕು ಮಂಡಳಿಯ ಹರಾಜಿನಲ್ಲಿ ಮಾರಾಟವಾಗಿ ದೇಶದೊಳಗಿನ ಮತ್ತು ಹೊರದೇಶದ ಸಿಗರೇಟಿಗೆ ಹೋಗುತ್ತದೆ. ಸಿಗರೇಟಿಗೆ ಬೇಕಾದದ್ದು ಬೇರೆ ಎಲೆಗಳೊಂದಿಗೆ ಹೊಂದಿಕೊಂಡು ಹೋಗುವ ಸೌಮ್ಯ ಎಲೆ. ಪೈಪಿಗೆ ಬೇಕಾದದ್ದು ಗಿಡದ ಮೇಲ್ಭಾಗದ, ಎಣ್ಣೆಯಂಶವಿರುವ, ಚೆನ್ನಾಗಿ ಮಾಗಿದ ದಪ್ಪ ಎಲೆ. ಅದನ್ನು ಕೂಡ ಒತ್ತಿ, ತಿಂಗಳುಗಟ್ಟಲೆ ಇಟ್ಟು ಮಾಗಿಸಿದ ಮೇಲಷ್ಟೇ ಪೈಪಿನ ರುಚಿ ಹುಟ್ಟೀತು.

ವಿಧಾನ ಎಲ್ಲಿಂದ ಬಂತು ಎಂದು ಕೇಳಿದ್ದೀರಿ. 1839ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಕ್ಯಾಸ್ವೆಲ್ ಕೌಂಟಿಯಲ್ಲಿ, ಸ್ಲೇಡ್ ಎಂಬವರ ಜಮೀನಿನಲ್ಲಿ ಸ್ಟೀಫನ್ ಎಂಬ ಗುಲಾಮ ಕೆಲಸಗಾರನು ರಾತ್ರಿ ಸೊಪ್ಪಿನ ಮನೆಯ ಬೆಂಕಿ ಕಾಯುತ್ತ ನಿದ್ದೆಹೋದ. ಎಚ್ಚರವಾದಾಗ ಬೆಂಕಿ ಆರುವುದರಲ್ಲಿತ್ತು. ಗಾಬರಿಯಿಂದ ಕುಲುಮೆಯ ಕಡೆಯ ಇದ್ದಿಲನ್ನು ತಂದು ಸುರಿದ. ಹೊಗೆಯಿಲ್ಲದ ಆ ತಟ್ಟನೆಯ ಬಿಸಿಗೆ ಸೊಪ್ಪು ಕಂದಾಗುವ ಬದಲು ಹೊನ್ನಿನ ಹಳದಿಯಾಗಿ ನಿಂತಿತು. ಮುಂದೆ ಇದ್ದಿಲಿನ ಜಾಗದಲ್ಲಿ ಹೊರಗಿನ ಒಲೆಯಿಂದ ಬಿಸಿಯನ್ನು ಒಳಗೊಯ್ಯುವ ತಗಡಿನ ಕೊಳವೆಗಳು ಬಂದವು. ನಿಮ್ಮ ಬ್ಯಾರನ್ ಅದರ ವಂಶದ್ದು. ಹಳದಿ ಎಲೆಯ ಇಡೀ ವ್ಯಾಪಾರದ ಮೊದಲಿಗೆ ಇರುವ ಈ ಮನುಷ್ಯನ ಬಗ್ಗೆ ಡಬ್ಬಿಗಳ ಮೇಲೆ ಒಂದಕ್ಷರವೂ ಇಲ್ಲ ಎಂಬುದನ್ನು ಇಲ್ಲಿ ಹೇಳದಿರಲಾರೆ.

ನಿಮ್ಮ ತಂದೆಯವರನ್ನು ಕೇಳಿ ನೋಡಿ. ಬ್ಯಾರನ್‌ನ ಒಳಗೆ ಮೊದಲು 35 ಡಿಗ್ರಿಯ ಆಸುಪಾಸಿನಲ್ಲಿ ಎಲೆಯನ್ನು ಹಳದಿ ಮಾಡಿ, ನಿಧಾನವಾಗಿ ಏರಿಸುತ್ತ, ಕೊನೆಗೆ ದಂಟು ಒಣಗಲು 70 ಡಿಗ್ರಿಯವರೆಗೆ ಒಯ್ಯುವ ಐದಾರು ದಿನಗಳಲ್ಲಿ ಅವರು ಎಷ್ಟು ಸಲ ಎದ್ದು ಹೋಗಿ ಗಾಜಿನ ಕಿಂಡಿಯಲ್ಲಿ ಇಣುಕುತ್ತಾರೆ ಎಂಬುದು ನಿಮಗೇ ಗೊತ್ತಿರಬೇಕು. ಬಿಸಿ ಬೇಗ ಏರಿದರೆ ಎಲೆಯಲ್ಲಿ ಹಸಿರು ಉಳಿಯುತ್ತದೆ, ತಡವಾದರೆ ಕಪ್ಪಿಡುತ್ತದೆ. ಪೈಪ್ ಸೇದುವವರು ನಾಲಿಗೆಯ ಮೇಲೆ ಹಸಿ ಕಹಿ ಎಂದು ದೂರುವುದು ಬಹಳ ಸಲ ಈ ಹಸಿರನ್ನೇ.

ಪ್ರಶ್ನೆ: ಸ್ವಾಮಿ, ಹೊರದೇಶದಲ್ಲಿರುವ ಅಳಿಯ ತಂದುಕೊಟ್ಟ ಡಬ್ಬಿಯಲ್ಲಿ ವೆನಿಲಾ, ಚೆರ್ರಿ ಘಮಘಮ ಎನ್ನುತ್ತದೆ. ಸೇದಿದರೆ ಆ ಘಮವೇ ಇಲ್ಲ, ನಾಲಿಗೆ ಮಾತ್ರ ಉರಿಯುತ್ತದೆ. ತಪ್ಪು ನನ್ನದೋ, ತಂಬಾಕಿನದೋ?
(ವ್ಯಾಪಾರಿಗಳು, ಮಂಡ್ಯ)

ಉತ್ತರ: ಇಬ್ಬರದೂ. ಬರ್ಲಿ ಹೀರಿಕೊಳ್ಳುವ ಸ್ವಭಾವದ್ದು ಎಂದು ಮೇಲೆ ಹೇಳಿದೆನಲ್ಲ, ಸಿಹಿ ಪಾಕ ಕುಡಿಸಿದ ಬರ್ಲಿಯನ್ನೋ ಹಬೆಯಲ್ಲಿ ಕಪ್ಪಗಾಗಿಸಿದ ಕ್ಯಾವೆಂಡಿಶ್ ಎಂಬ ಸೊಪ್ಪನ್ನೋ ತಳಕ್ಕೆ ಇಟ್ಟುಕೊಂಡು, ಕತ್ತರಿಸಿದ ಮೇಲೆ ಪರಿಮಳ ಸಿಂಪಡಿಸಿದ್ದು ನಿಮ್ಮ ಡಬ್ಬಿ. ಸಿಂಪಡಿಸಿದ ಪರಿಮಳ ಹಗುರವಾದ್ದರಿಂದ ಬೆಂಕಿ ತಾಗಿದೊಡನೆ ಹಾರಿ ಕೋಣೆ ಸೇರುತ್ತದೆ. ಪಕ್ಕದಲ್ಲಿ ಕುಳಿತವರು ಘಮ ಎನ್ನುತ್ತಾರೆ, ಸೇದುವವರಿಗೆ ಬಿಸಿನೀರಿನ ರುಚಿ ಬರುತ್ತದೆ. ಎಲ್ಲ ಪರಿಮಳದ ತಂಬಾಕೂ ಹೀಗೆ ಎನ್ನಲಾರೆ. ಒಳ್ಳೆಯ ಎಲೆಯ ಮೇಲೆ ಹಿತವಾಗಿ ರಮ್ ತೋರಿಸಿದ ಮಿಶ್ರಣಗಳು ಇವೆ. ಕಳಪೆ ಎಲೆಯನ್ನು ಮುಚ್ಚಲು ಸುರಿದ ಪರಿಮಳವೇ ಹೆಚ್ಚು ಎನ್ನುವುದು ಮಾತ್ರ ನನ್ನ ಅನುಭವ.

ಇನ್ನು ನಿಮ್ಮ ಪಾಲಿನ ತಪ್ಪು. ಇಂತಹ ತಂಬಾಕು ಒಣಗದಿರಲೆಂದು ಪ್ರೊಪಿಲೀನ್ ಗ್ಲೈಕಾಲ್ ಸೇರಿಸಿರುತ್ತಾರೆ. ಡಬ್ಬಿಯಿಂದ ತೆಗೆದದ್ದೇ ತುಂಬಿದರೆ ಒಳಗಿನ ನೀರು ಹಬೆಯಾಗಿ ನಾಲಿಗೆಯನ್ನು ಬೇಯಿಸುತ್ತದೆ. ಹಬೆಗೆ ರುಚಿಯಿಲ್ಲ, ಆದ್ದರಿಂದ ನೀವು ಇನ್ನೂ ಜೋರಾಗಿ ಎಳೆಯುತ್ತೀರಿ, ಬಿಸಿ ಇನ್ನೂ ಏರುತ್ತದೆ. ಬೇಕಾದಷ್ಟನ್ನು ಮಾತ್ರ ಒಂದು ಕಾಗದದ ಮೇಲೆ ಹರಡಿ ಅರ್ಧ ಗಂಟೆ ಬಿಡಿ, ಮಳೆಗಾಲವಾದರೆ ಇನ್ನೂ ಹೆಚ್ಚು. ಹದ ತಿಳಿಯಲು ಚಿಟಿಕೆಯಷ್ಟು ತೆಗೆದು ಬೆರಳಲ್ಲಿ ಒತ್ತಿ ಬಿಡಬೇಕು: ಉಂಡೆಯಾಗಿ ಕೂತರೆ ಹಸಿ, ಪುಡಿಯಾಗಿ ಉದುರಿದರೆ ಅತಿ ಒಣ, ಮೆಲ್ಲನೆ ಬಿಚ್ಚಿಕೊಂಡರೆ ಸರಿ. ಬೀಡಿಯನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿ ನೋಡುತ್ತಿದ್ದ ಹಿರಿಯರಿಗೆ ಈ ಪಾಠ ಬೇಕಾಗಿರಲಿಲ್ಲ.

ಪ್ರಶ್ನೆ: ಒಂದು ಮಿಶ್ರಣವನ್ನು ಕ್ರಮವಾಗಿ ಪರೀಕ್ಷಿಸುವುದು ಹೇಗೆ? ಬಲ್ಲವರು ಅಂಜೂರ, ಚರ್ಮ, ಒಣಹುಲ್ಲು ಎಂದೆಲ್ಲ ಹೇಳುವುದು ನಿಜವೇ, ಅಲಂಕಾರವೇ?
(ಬ್ಯಾಂಕ್ ಉದ್ಯೋಗಿ, ಕುವೆಂಪುನಗರ, ಮೈಸೂರು)

ಉತ್ತರ: ಅರ್ಧ ನಿಜ, ಅರ್ಧ ಬಾಯಿಬಡಾಯಿ. ಅಂಜೂರ ಎಂದವರ ಎದುರಿಗೆ ನಿಜವಾದ ಅಂಜೂರ ಇಟ್ಟು ಹೋಲಿಸಿ ನೋಡಿದ್ದನ್ನು ನಾನು ಕಂಡಿಲ್ಲ. ಆದರೆ ವಾಸನೆಗೆ ಸ್ವಂತ ಹೆಸರಿಲ್ಲದ ಕಾರಣ ಇನ್ನೊಂದು ವಸ್ತುವಿನ ಹೆಸರನ್ನು ಕಡ ತರುವುದು ಅನಿವಾರ್ಯ. ಆ ಕಡವನ್ನು ನಿಮ್ಮ ಅಡುಗೆಮನೆಯಿಂದ ತನ್ನಿ, ಲಂಡನ್ನಿನಿಂದ ಬೇಡ.

ಮೊದಲ ಪರೀಕ್ಷೆ ಬೆಂಕಿಯಿಲ್ಲದೆ ಆಗಬೇಕು. ಡಬ್ಬಿ ತೆರೆದ ಮೊದಲ ಗಳಿಗೆಯ ವಾಸನೆಯನ್ನು ನಂಬಬೇಡಿ, ಅದು ಮುಚ್ಚಿಟ್ಟಿದ್ದರ ವಾಸನೆ. ಹತ್ತು ನಿಮಿಷ ತೆರೆದಿಟ್ಟು ನಂತರ ಮೂಸಿ. ಎಲೆಗಳನ್ನು ಬಣ್ಣದಿಂದ ಬೇರೆ ಮಾಡಲು ಯತ್ನಿಸಿ: ಕಡುಕಪ್ಪು ಎಳೆ ಲಟಾಕಿಯಾವೋ ಕಪ್ಪು ಕ್ಯಾವೆಂಡಿಶೋ ಇರಬೇಕು, ಒಂದೆಳೆ ತೆಗೆದು ಉಜ್ಜಿ ಮೂಸಿದರೆ ಯಾವುದೆಂದು ಅನುಮಾನವೇ ಉಳಿಯುವುದಿಲ್ಲ. ಹಸಿರುಮಿಶ್ರಿತ ಹಳದಿಯ ಮೋಟು ಚೂರುಗಳು ಓರಿಯೆಂಟಲ್; ಹೊಳಪಿಲ್ಲದ ಕಂದು ಬಣ್ಣದ್ದು ಬರ್ಲಿ.

ಪೈಪಿನ ಬಟ್ಟಲನ್ನು ಮೂರು ಸಲಕ್ಕೆ ತುಂಬಬೇಕು, ಕೆಳಗೆ ಸಡಿಲ, ಮೇಲೆ ಹೋದಂತೆ ಬಿಗಿ. ಬೆಂಕಿ ಕಾಣಿಸುವ ಮುನ್ನ ಎಳೆದು ನೋಡಿದರೆ ಸ್ವಲ್ಪವೇ ತಡೆ ತೋರಬೇಕು. ಎಳನೀರಿಗೆ ಹಾಕಿದ ಕಾಗದದ ಕೊಳವೆಯಲ್ಲಿ ಗಂಜಿ ಸಿಕ್ಕಿಕೊಂಡಷ್ಟು ತಡೆ ಇದ್ದರೆ ಎಲ್ಲವನ್ನೂ ಸುರಿದು ಮತ್ತೆ ತುಂಬಿ. ಮೊದಲ ಕಡ್ಡಿ ಗೀರಿದಾಗ ಮೇಲ್ಪದರ ಉಬ್ಬಿ ಏಳುತ್ತದೆ, ಅದನ್ನು ಮೆಲ್ಲಗೆ ಒತ್ತಿ ಎರಡನೆಯ ಕಡ್ಡಿ ಗೀರಬೇಕು. ಪೆಟ್ರೋಲ್ ಲೈಟರ್ ಬಳಸಿದರೆ ಅದರ ವಾಸನೆಯೇ ಮಿಶ್ರಣದ ಇನ್ನೊಂದು ಎಲೆಯಾಗುತ್ತದೆ. ಬಿಸಿ ಕಾಫಿಯನ್ನು ಲೋಟದ ಅಂಚಿನಿಂದ ಹೀರುವಷ್ಟೇ ಎಳೆತ ಸಾಕು. ಹೊಗೆ ಬಾಯಿಯಲ್ಲೇ ನಿಲ್ಲಬೇಕು, ಎದೆಗೆ ಇಳಿಯಬಾರದು. ನಡುವೆ ಆರಿದರೆ ಮತ್ತೆ ಹೊತ್ತಿಸುವುದರಲ್ಲಿ ನಾಚಿಕೆಯಿಲ್ಲ; ಒಮ್ಮೆಯೂ ಆರದಂತೆ ಸೇದುವವರು ಬಹುಶಃ ವೇಗವಾಗಿ ಸೇದುತ್ತಿದ್ದಾರೆ.

ನಾಲಿಗೆಗೆ ಗೊತ್ತಿರುವುದು ಸಿಹಿ, ಹುಳಿ, ಉಪ್ಪು, ಕಹಿ ಇಂಥ ನಾಲ್ಕೈದು ರುಚಿಗಳು. ಉಳಿದದ್ದೆಲ್ಲ ಬಾಯಿಯ ಹಿಂಬದಿಯಿಂದ ಮೂಗಿಗೆ ಏರಿ ತಿಳಿಯುವಂಥದ್ದು. ನೆಗಡಿಯಾದಾಗ ಸಾರು ಸಪ್ಪೆಯಾಗುವುದು ಇದಕ್ಕೇ. ಹೀಗಾಗಿ ಪರೀಕ್ಷೆಯ ದಿನ ಬೆಳ್ಳುಳ್ಳಿ ಒಗ್ಗರಣೆಯ ಊಟವಾದ ಕೂಡಲೇ ಕೂರಬೇಡಿ. ಬಟ್ಟಲಿನ ಮೇಲ್ಭಾಗ, ನಡುಭಾಗ, ತಳ ಮೂರರ ರುಚಿಯನ್ನೂ ಬೇರೆ ಬೇರೆಯಾಗಿ ಬರೆದಿಡಿ. ವರ್ಜೀನಿಯಾದ ಸಿಹಿ ಮೇಲ್ಭಾಗದಲ್ಲಿ ಹೆಚ್ಚಾಗಿ ಕಾಣುತ್ತದೆ, ಪೆರೀಕ್ ಇದ್ದರೆ ತಳ ಮುಟ್ಟುವಾಗ ಖಾರ ಏರುತ್ತದೆ. ಬಟ್ಟಲು ಮುಗಿಯುವ ಮುನ್ನವೇ ತಲೆ ಹಗುರಾಗಿ ಬೆವರು ಬಂದರೆ ಅದು ರುಚಿಯಲ್ಲ, ನಿಕೋಟಿನ್, ಅಲ್ಲಿಗೇ ಕೆಳಗಿಡಿ.

ಪ್ರಶ್ನೆ: ತಾತನವರ ಕಾಲದ ಮರದ ಪೈಪೊಂದು ಸಿಕ್ಕಿದೆ. ಬಾಯಲ್ಲಿ ಕಚ್ಚುವ ಭಾಗ ಹಸಿರುಗಂದು ಆಗಿದೆ, ಒಳಗೆ ಇದ್ದಿಲಿನಂಥ ಪದರ ಗಟ್ಟಿಯಾಗಿದೆ. ಶುದ್ಧ ಮಾಡಬಹುದೇ?
(ಶ್ರೀರಂಗಪಟ್ಟಣ)

ಉತ್ತರ: ಮಾಡಬಹುದು. ಆ ಮರ ಬಹುತೇಕ ಬ್ರಯರ್ ಇರಬೇಕು, ಮೆಡಿಟರೇನಿಯನ್ ಕಡೆಯ ಎರಿಕಾ ಆರ್ಬೋರಿಯಾ ಎಂಬ ಪೊದೆಗಿಡದ ಬುಡದ ಗಂಟು. ಬಿಸಿಯನ್ನು ತಾಳಿಕೊಳ್ಳುವುದರಿಂದ ಅದನ್ನು ಆರಿಸಿಕೊಂಡರು. ಹಸಿರುಗಂದಾದ ಭಾಗ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್, ಬೆಳಕಿಗೂ ಗಾಳಿಗೂ ಬಣ್ಣ ಕೆಡುತ್ತದೆ. ನಯವಾದ ಉಜ್ಜುಕಾಗದವನ್ನು ನೀರಿನಲ್ಲಿ ಅದ್ದಿ ತಾಳ್ಮೆಯಿಂದ ಉಜ್ಜಿದರೆ ಕಪ್ಪು ಮರಳುತ್ತದೆ. ಇದ್ದಿಲಿನ ಪದರವನ್ನು ಪೂರ್ತಿ ಕೆರೆಯಬೇಡಿ, ಒಂದು ರೂಪಾಯಿ ನಾಣ್ಯದ ದಪ್ಪದಷ್ಟು ಉಳಿದರೆ ಮರಕ್ಕೆ ರಕ್ಷೆ. ಹಳೆಯ ತಂಬಾಕಿನ ವಾಸನೆ ಬಿಡದಿದ್ದರೆ ಬಟ್ಟಲಿಗೆ ಕಲ್ಲುಪ್ಪಿನ ಪುಡಿ ತುಂಬಿ, ಕುಡಿಯಲು ಯೋಗ್ಯವಾದ ಮದ್ಯಸಾರದ ಕೆಲವು ಹನಿ ಹಾಕಿ ಒಂದು ರಾತ್ರಿ ಬಿಡಿ, ಬೆಳಗ್ಗೆ ಉಪ್ಪು ಕಂದಾಗಿರುತ್ತದೆ. ಲಟಾಕಿಯಾ ಸೇದಿದ ಪೈಪಾದರೆ ಎರಡು ಮೂರು ಸಲ ಮಾಡಬೇಕಾದೀತು. ತೊಳೆಯಲು ನೀರಿನಲ್ಲಿ ನೆನೆಹಾಕುವ ಕೆಲಸ ಮಾತ್ರ ಬೇಡ. ಸೇದದೆ ಗೋಡೆಯ ಗೂಡಿನಲ್ಲಿಟ್ಟುಕೊಂಡರೂ ತಾತನವರಿಗೆ ಅಗೌರವವಾಗುವುದಿಲ್ಲ.

ಪ್ರಶ್ನೆ: ಹಲವು ವರ್ಷ ಮುಚ್ಚಿಟ್ಟ ಡಬ್ಬಿಯಲ್ಲಿ ಬಿಳಿ ಚುಕ್ಕೆಗಳಿವೆ. ಎಸೆಯಬೇಕೇ?
(ಪಾಂಡವಪುರ)

ಉತ್ತರ: ಭೂತಗನ್ನಡಿ ಹಿಡಿದು ನೋಡಿ. ಹರಳಿನಂತೆ ಹೊಳೆದರೆ ಚಿಂತೆಯಿಲ್ಲ. ಹತ್ತಿಯ ಎಳೆಯಂತಿದ್ದು ಮಳೆಗಾಲದ ಗೋಡೆಯ ವಾಸನೆ ಬಂದರೆ ಅದು ಬೂಷ್ಟು, ಎಸೆಯಿರಿ. ವರ್ಜೀನಿಯಾ ಸಕ್ಕರೆಯಿರುವ ಸೊಪ್ಪಾದ್ದರಿಂದ ಗಾಳಿಯಾಡದ ಗಾಜಿನ ಭರಣಿಯಲ್ಲಿ ವರ್ಷಗಳು ಕಳೆದಂತೆ ದುಂಡಾಗುತ್ತದೆ. ಲಟಾಕಿಯಾ ಕ್ರಮೇಣ ಮಂಕಾಗುತ್ತದೆ.

ಪ್ರಶ್ನೆ: ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲವಾದ್ದರಿಂದ ಪೈಪಿನಿಂದ ಅಪಾಯವಿಲ್ಲ ಎಂದು ನಮ್ಮ ಯಜಮಾನರು ವಾದಿಸುತ್ತಾರೆ. ಇದು ಸರಿಯೇ?
(ಗೃಹಿಣಿ, ಯಾದವಗಿರಿ, ಮೈಸೂರು)

ಉತ್ತರ: ಸರಿಯಲ್ಲ ಅಮ್ಮ. ಪೈಪಿನ ಹೊಗೆಯಿಂದ ನಿಕೋಟಿನ್ ಬಾಯಿಯ ಒಳಚರ್ಮದ ಮೂಲಕವೇ ರಕ್ತ ಸೇರುತ್ತದೆ, ಎದೆಗೆ ಇಳಿಯಬೇಕಾಗಿಲ್ಲ. ತುಟಿ, ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶಗಳ ಕ್ಯಾನ್ಸರ್ ಪೈಪ್ ಸೇದುವವರಲ್ಲಿ ಸೇದದವರಿಗಿಂತ ಹೆಚ್ಚು. ಕೋಣೆಯಲ್ಲಿರುವ ನೀವೂ ಮಕ್ಕಳೂ ಅದೇ ಹೊಗೆಯನ್ನು ಉಸಿರಾಡುತ್ತೀರಿ. ರುಚಿಯ ಬಗ್ಗೆ ಇಷ್ಟುದ್ದ ಬರೆಯುವ ನಾನೇ ಬಿಟ್ಟದ್ದು ಯಾಕೆಂದು ಅವರು ಕೇಳಿದರೆ, ನಾಲಿಗೆಯ ಅಂಚಿನಲ್ಲಿ ಎದ್ದ ಒಂದು ಬಿಳಿ ಕಲೆಯನ್ನು ನೋಡಿ ದಂತವೈದ್ಯರು ಅರ್ಧ ನಿಮಿಷ ಮಾತಾಡದೆ ನಿಂತರು, ಆ ಅರ್ಧ ನಿಮಿಷಕ್ಕಾಗಿ ಎಂದು ಹೇಳಿ. ಬಿಡಲು ನೆರವು ಬೇಕಿದ್ದರೆ ಸರ್ಕಾರದ ಉಚಿತ ದೂರವಾಣಿ 1800-11-2356 ಇದೆ.

ಪ್ರಶ್ನೆ: ಒಳ್ಳೆಯ ಮಿಶ್ರಣ ಯಾವ ಅಂಗಡಿಯಲ್ಲಿ ಸಿಗುತ್ತದೆ? ನನಗೆ ಹತ್ತೊಂಬತ್ತು ವರ್ಷ.
(ಮದ್ದೂರು)

ಉತ್ತರ: ಅಂಗಡಿಯ ಹೆಸರು ಈ ಅಂಕಣದಲ್ಲಿ ಬರುವುದಿಲ್ಲ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯ ಪ್ರಕಾರ ಇಪ್ಪತ್ತೊಂದು ತುಂಬದವರಿಗೆ ತಂಬಾಕು ಮಾರುವಂತೆಯೇ ಇಲ್ಲ. ಇಪ್ಪತ್ತೊಂದು ತುಂಬಿದ ಮೇಲೆ ನೀವು ಕೇಳದಿದ್ದರೆ ನನಗೆ ಇನ್ನೂ ಸಂತೋಷ.

ಪ್ರಶ್ನೆ: ನಾನು ಊದುಬತ್ತಿಗೆ ಪರಿಮಳ ಬೆರೆಸುವ ಕೆಲಸದವನು. ಬೀಡಿಯನ್ನೂ ಸೇದಿದವನಲ್ಲ. ನನ್ನಂಥವನಿಗೆ ಈ ಮಿಶ್ರಣಗಳಲ್ಲಿ ತಿಳಿಯಬೇಕಾದ್ದು ಏನಾದರೂ ಇದೆಯೇ?
(ಮೈಸೂರು)

ಉತ್ತರ: ಇಷ್ಟೂ ಪತ್ರಗಳಲ್ಲಿ ನಾನು ಮೊದಲು ತೆಗೆದಿಟ್ಟುಕೊಂಡದ್ದು ನಿಮ್ಮದು. ಹಾಲ್ಮಡ್ಡಿ ಎಂಬ ಮರದಂಟಿನ ಹಿಡಿತವಿಲ್ಲದೆ ಹೂವಿನ ಪರಿಮಳ ನಿಲ್ಲುವುದಿಲ್ಲ ಎಂಬುದು ನಿಮಗೆ ಕೈಯಲ್ಲೇ ಗೊತ್ತು. ತಂಬಾಕು ಬೆರೆಸುವವನ ಲೆಕ್ಕವೂ ಇದೇ. ವರ್ಜೀನಿಯಾ ಅವನ ತಳ, ಓರಿಯೆಂಟಲ್ ನಡುವೆ ನಿಂತು ಎರಡನ್ನೂ ಬೆಸೆಯುವುದು, ಲಟಾಕಿಯಾ ಮೇಲೆ ಕಾಣುವುದು. ಲಟಾಕಿಯಾ ಒಂದು ಚಮಚ ಹೆಚ್ಚಾದರೆ ಉಳಿದವುಗಳ ಸದ್ದೇ ಅಡಗುತ್ತದೆ, ಅಗರು ಹೆಚ್ಚಾದ ಬತ್ತಿಯ ಹಾಗೆ.

ಸೇದದೆ ತಿಳಿಯುವ ದಾರಿ ಇದೆ, ನಾನು ಈಗ ಹಿಡಿದಿರುವುದು ಅದನ್ನೇ. ಒಂದೊಂದು ಬಗೆಯ ಎಲೆಯನ್ನು ಬೆರಳಗಲದ ಸಣ್ಣ ಸೀಸೆಗಳಲ್ಲಿ ಬೇರೆ ಬೇರೆಯಾಗಿ ಇಟ್ಟುಕೊಳ್ಳಿ. ಮೂಸುವ ಮುನ್ನ ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು ಮೈಬಿಸಿ ತಾಗಿಸಿ, ಒಂದು ಹನಿ ನೀರು ಬಿಟ್ಟು ಮತ್ತೆ ಮೂಸಿ. ತೇವ ಸೋಕಿದಾಗ ಓರಿಯೆಂಟಲ್ ಎಲೆಯ ಹುಳಿ ಹೇಗೆ ಎದ್ದು ಬರುತ್ತದೆ ನೋಡಿ. ಆಮೇಲೆ ಎರಡು ಸೀಸೆಗಳ ಬಾಯಿಗಳನ್ನು ಒಟ್ಟಿಗೆ ಮೂಗಿನ ಕೆಳಗೆ ಹಿಡಿದು ಒಂದನ್ನು ಹತ್ತಿರ, ಒಂದನ್ನು ದೂರ ಮಾಡುತ್ತ ಹೋದರೆ ಮಿಶ್ರಣದ ಪ್ರಮಾಣ ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಆಗಸ್ಟಿನಲ್ಲಿ ಬಿಡುವಾದರೆ ಹುಣಸೂರಿನ ಕಡೆ ಹೋಗಿ ಬನ್ನಿ. ಬೇಯಿಸಿದ ಬ್ಯಾರನ್‌ನ ಬಾಗಿಲನ್ನು ಎಲೆ ಮೆತ್ತಗಾಗಲೆಂದು ಬೆಳಗಿನ ಜಾವ ತೆರೆದಿಡುತ್ತಾರೆ. ಇಬ್ಬನಿ ಒಳಗೆ ಇಳಿಯುವಾಗ ಹೊರಗೆ ಬರುವ ಆ ವಾಸನೆಯನ್ನು ಯಾವ ಡಬ್ಬಿಯಲ್ಲೂ ನಾನು ಕಂಡಿಲ್ಲ. ಬೆಳೆಗಾರರನ್ನು ಕೇಳಿಕೊಂಡು ಬಾಗಿಲ ಬಳಿ ಕಾಲು ಗಂಟೆ ನಿಂತರೆ ಅವರು ಬೇಡವೆನ್ನುವುದಿಲ್ಲ.